ಕೇಳಿ-ಹೇಳಿ: ತಕ್ಕಡಿ, ಖಾತೆ, ಖಂಡೇಪೂಜೆ

ಕ್ರೈಸ್ತ ವಿಶ್ವಾಸವನ್ನು ದುಡಿಮೆಯ ಜಾಗಕ್ಕೂ ಊರಿನ ವ್ಯವಹಾರಕ್ಕೂ ಒಯ್ಯುವಾಗ ಎದುರಾಗುವ ತೊಡಕುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿವು. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಹಾಕಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಹನ್ನೆರಡು ಜನ ಕೆಲಸಗಾರರು, ಕ್ರೈಸ್ತ ಅಂದರೆ ನಾನೊಬ್ಬನೇ. ಖಂಡೇಪೂಜೆ (ಆಯುಧಪೂಜೆ) ಬಂತೆಂದರೆ ನನಗೆ ಸಂಕಟ. ಬ್ಯಾಡ ಅಂದರೆ ಹುಡುಗರು ಮುಖ ಸಣ್ಣದು ಮಾಡುತ್ತಾರೆ, ಆಗಲಿ ಅಂದರೆ ಸಭೆಯ (ಚರ್ಚಿನ) ಹಿರಿಯರು ಕರೆದು ಕೇಳುತ್ತಾರೆ. ಹೋದ ವರ್ಷ ಆ ಎರಡು ದಿನ ಊರಿಗೆ ಹೋಗಿಬಿಟ್ಟೆ. ಏನು ಮಾಡಲಿ?

ಉತ್ತರ: ಊರಿಗೆ ಹೋಗಿದ್ದು ತಪ್ಪಾಯಿತು. ಮಾಲೀಕನಿಲ್ಲದ ದಿನ ಥಿನ್ನರ್ ಡಬ್ಬಿಯ ಪಕ್ಕದಲ್ಲೇ ಕರ್ಪೂರ ಹಚ್ಚಿದರೆ ಕೇಳುವವರು ಯಾರು?

ಆ ದಿನ ಯಂತ್ರಕ್ಕೆ ಕುಂಕುಮ ಇಡುವುದು ನಿಮ್ಮ ಹುಡುಗರ ಭಕ್ತಿ. ಅದಕ್ಕೆ ಅರ್ಧ ದಿನ ಬಿಡುವು, ಒಂದಿಷ್ಟು ಖರ್ಚು ಕೊಡುವುದು ಮಾಲೀಕನ ಮರ್ಯಾದೆ. ಆರತಿ ಎತ್ತುವುದು, ಕಾಯಿ ಒಡೆಯುವುದು ಮಾತ್ರ ಆರಾಧನೆಯಾಯಿತು. ಅದನ್ನು ಹಿರಿಯ ಕೆಲಸಗಾರರೊಬ್ಬರಿಗೆ ಒಪ್ಪಿಸಿ, ವಾರದ ಮೊದಲೇ ಎಲ್ಲರ ಎದುರು ಹೇಳಿಬಿಡಿ: ‘ಪೂಜೆ ನಿಮ್ಮದು, ನೀವು ಮಾಡಿ. ನಾನು ಆರತಿ ತಗೊಳ್ಳೋದಿಲ್ಲ, ಸಿಟ್ಟಿಲ್ಲ. ಊಟ ಎಲ್ಲರೂ ಒಟ್ಟಿಗೆ ಮಾಡೋಣ.’ ಈ ನಾಲ್ಕು ಮಾತನ್ನು ಆಡದೆ ಊರಿಗೆ ಹೋಗಿಬಿಟ್ಟಿರಲ್ಲ, ಹುಡುಗರಿಗೆ ಬೇಸರ ಬರುವುದು ಅದಕ್ಕೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಇದಕ್ಕೆ ತೀರಾ ಹತ್ತಿರದ ಮಾತು 1 ಕೊರಿಂಥ 10:25-28ರಲ್ಲಿದೆ. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿ, ಇದು ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ ಎನ್ನುತ್ತಾನೆ ಪೌಲ. ಹೀಗಾಗಿ ಸಿಹಿ, ಚುರಮುರಿಯ ಪೊಟ್ಟಣಗಳನ್ನು ನೀವೇ ತರಿಸಿ ಪೂಜೆಗೆ ಮೊದಲೇ ಹಂಚಿಬಿಡಿ, ಅದು ಬರೀ ಹಬ್ಬದ ಸಿಹಿ. ಆಮೇಲೆ ಬರುವ ಪ್ರಸಾದವನ್ನು ಕೈಮುಗಿದು ಬೇಡವೆನ್ನಬಹುದು. ನಿಮ್ಮ ಹಿರಿಯರಿಗೆ 2 ಅರಸುಗಳು 5:18 ತೋರಿಸಿ. ತನ್ನ ಒಡೆಯ ಕೈ ಹಿಡಿದುಕೊಂಡು ರಿಮ್ಮೋನನ ಗುಡಿಯಲ್ಲಿ ಬಾಗುವಾಗ ತಾನೂ ಬಾಗಬೇಕಾಗುತ್ತದೆ ಎಂದ ಸಿರಿಯಾದ ಸೇನಾಪತಿ ನಾಮಾನನನ್ನು ಪ್ರವಾದಿ ಎಲೀಷ ಗದರಲಿಲ್ಲ, ಸಮಾಧಾನದಿಂದ ಹೋಗು ಎಂದ. ಮರುದಿನ ಹುಡುಗರು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅಂದರೆ ಎರಡೂ ಕೈಯಲ್ಲಿ ಇಸಿದುಕೊಳ್ಳಿ. ಅದು ಊರಿನ ಸ್ನೇಹ. ಅದರಲ್ಲಿ ಪಾಪ ಹುಡುಕುವ ಸಭೆಗಳೂ ಇವೆ, ನಮಗೆ ಒಪ್ಪಿಗೆಯಿಲ್ಲ.

ಈಗ ಯಂತ್ರದ ವಿಷಯ. ಲೇತ್ ಬೆಡ್‌ನ ಜಾರುಪಟ್ಟಿಗಳ ಮೇಲೆ ಅರಿಶಿನದ ನೀರು, ಒದ್ದೆ ಕುಂಕುಮ ಇಡಲು ಬಿಡಬೇಡಿ. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕಿನ ಮಚ್ಚೆ ಏಳುತ್ತದೆ. ಪುಡಿ ಕ್ಯಾರೇಜಿನ (ಹತ್ಯಾರು ಹೊತ್ತು ಜಾರುವ ಭಾಗ) ಅಡಿಗೆ ಸೇರಿದರೆ ಎಣ್ಣೆಯೊಂದಿಗೆ ಬೆರೆತು ಕೆಸರಾಗಿ ಜಾರುಪಟ್ಟಿ ಸವೆಸುತ್ತದೆ. ಯಂತ್ರದ ತಲೆಭಾಗವಾದ ಹೆಡ್‌ಸ್ಟಾಕಿನ ಬಣ್ಣ ಬಳಿದ ಮುಖದ ಮೇಲೆ ಇಡಲಿ. ಹಿಂದಿನ ಸಂಜೆ ಚಿಪ್ಸ್ ಗುಡಿಸಿ, ಒರೆಸಿ, ಬೆಡ್‌ಗೆ 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ಸವರಿ. ಬಾಳೆಕಂಬ ಕಟ್ಟುವಾಗ ಎಮರ್ಜೆನ್ಸಿ ಸ್ಟಾಪ್ ಗುಂಡಿ ಮುಚ್ಚಿಹೋಗುವುದು ಬಹಳ ಕಡೆ ಆಗುವ ಅಚಾತುರ್ಯ. ಕರ್ಪೂರ ಹಚ್ಚುವ ಮುಂಚೆ ಮೇನ್ ಸ್ವಿಚ್ ಆರಿಸಿ, ಕಾಟನ್ ವೇಸ್ಟ್ ಮತ್ತು ಕಟಿಂಗ್ ಆಯಿಲ್ ಹೊರಗಿಡಿಸಿ, ಮರಳಿನ ಬಕೆಟ್ ಹತ್ತಿರವಿರಲಿ. ಬೂದುಗುಂಬಳವನ್ನು ಗೇಟಿನ ಒಳಗೇ ಒಡೆದು ಅಲ್ಲೇ ಗುಡಿಸಲಿ. ರಸ್ತೆಯಲ್ಲಿ ಒಡೆದರೆ ಅದರ ತಿರುಳಿನ ಮೇಲೆ ಜಾರಿ ಬೀಳುವವನು ಬೈಕ್ ಸವಾರ. ಇಷ್ಟೆಲ್ಲ ನಿಂತು ನೋಡಿಕೊಳ್ಳುವ ಮಾಲೀಕನನ್ನು ‘ಸಾಹೇಬ್ರು ಹಬ್ಬಕ್ಕ ಬರಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ.

ನೀವು ಕೇಳದ ಒಂದು ಮಾತು. ಬೋನಸ್ ಕಾನೂನು 20 ಜನರಿಂದ ಮೇಲಿನ ಸಂಸ್ಥೆಗಳಿಗೆ ಕನಿಷ್ಠ ಶೇ 8.33 ಎನ್ನುತ್ತದೆ. ನಿಮ್ಮಲ್ಲಿ ಹನ್ನೆರಡೇ ಜನ, ಆ ಕಟ್ಟು ನಿಮಗಿಲ್ಲ. ಕಟ್ಟಿಲ್ಲದ ಕಡೆ ಎಷ್ಟು ಕೊಡುತ್ತೀರಿ ಎಂಬುದನ್ನು ಹುಡುಗರು ನಿಮ್ಮ ಪ್ರಾರ್ಥನೆಗಿಂತ ಚೆನ್ನಾಗಿ ನೆನಪಿಡುತ್ತಾರೆ. ಇನ್ನು, ಬೆಳಗಿನ ಪ್ರಾರ್ಥನೆಗೆ ಎಲ್ಲರೂ ನಿಲ್ಲಬೇಕು ಎಂಬ ಕಡ್ಡಾಯ ನಿಮ್ಮಲ್ಲಿದ್ದರೆ ಇವತ್ತೇ ತೆಗೆಯಿರಿ. ಪೂಜೆಯಲ್ಲಿ ನಿಮಗೆ ಬೇಡವೆನ್ನಿಸಿದ ಒತ್ತಾಯ ಅವರಿಗೂ ಬೇಡ.

ಪ್ರಶ್ನೆ: ಕುಂದಾಪುರದಲ್ಲಿ ದಿನಸಿ ಅಂಗಡಿ ಇದೆ. ಏಲಕ್ಕಿ, ಲವಂಗ, ಕಾಳುಮೆಣಸು 50 ಗ್ರಾಂ, 100 ಗ್ರಾಂ ಲೆಕ್ಕದಲ್ಲಿ ಹೋಗುತ್ತದೆ. ಹಳ್ಳಿಯವರಿಂದ ಮೆಣಸು ಖರೀದಿಯೂ ಉಂಟು. ತಕ್ಕಡಿಗೆ ಇಲಾಖೆಯ ಮುದ್ರೆ ಹಾಕಿಸಿದ್ದೇನೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಎಂದು ಇಗರ್ಜಿಯಲ್ಲಿ ಪ್ರಸಂಗ ಕೇಳಿದ ಮೇಲೆ ಅನುಮಾನ ಹತ್ತಿದೆ. ಮುದ್ರೆ ಇದ್ದರೆ ಸಾಲದೇ?

ಉತ್ತರ: ಸಾಲದು. ನಿಮ್ಮ ತಕ್ಕಡಿಯ ಪಕ್ಕದಲ್ಲಿ ಅಂಟಿಸಿರುವ ಪುಟ್ಟ ಫಲಕ ಓದಿ. ದಿನಸಿ ಅಂಗಡಿಗಳಲ್ಲಿ ಹೆಚ್ಚಾಗಿರುವುದು ಗರಿಷ್ಠ 30 ಕಿಲೋ, ಕನಿಷ್ಠ 100 ಗ್ರಾಂ, ಒಂದು ಹೆಜ್ಜೆ (ಅಂಕಿ ಒಮ್ಮೆಗೆ ಏರುವ ಅಳತೆ) 5 ಗ್ರಾಂ ಎಂದು ಬರೆದ ತಕ್ಕಡಿ. ಆ ‘ಕನಿಷ್ಠ’ವನ್ನು ಯಾರೂ ಓದುವುದಿಲ್ಲ. ನೂರು ಗ್ರಾಮಿಗಿಂತ ಕಡಿಮೆಯದ್ದನ್ನು ಅದರಲ್ಲಿ ತೂಗಲೇಬಾರದು ಎಂದು ಅದರ ಅರ್ಥ. ಈ ಜಾತಿಯ ತಕ್ಕಡಿ ಎರಡೂವರೆ ಕಿಲೋವರೆಗೆ ಬಳಕೆಯಲ್ಲಿ ಒಂದು ಹೆಜ್ಜೆ, ಅಂದರೆ 5 ಗ್ರಾಂ, ಅತ್ತಿತ್ತ ಹೋದರೂ ನಿಯಮದ ಒಳಗೇ ಇರುತ್ತದೆ. ಅಕ್ಕಿ ಒಂದು ಕಿಲೋಗೆ 5 ಗ್ರಾಂ ಎಂದರೆ ಶೇ ಅರ್ಧ. ಏಲಕ್ಕಿ 50 ಗ್ರಾಮಿಗೆ 5 ಗ್ರಾಂ ಎಂದರೆ ಹತ್ತರಲ್ಲೊಂದು ಪಾಲು! ಮುದ್ರೆಯೂ ಸರಿ, ತಕ್ಕಡಿಯೂ ಸರಿ, ಗಿರಾಕಿಗೆ ಮಾತ್ರ ನಷ್ಟ. ಸಾಂಬಾರ ಪದಾರ್ಥಕ್ಕೆ ಒಂದು ಗ್ರಾಂ ಅಥವಾ ಅದಕ್ಕೂ ಸಣ್ಣ ಹೆಜ್ಜೆಯ ಪ್ರತ್ಯೇಕ ತಕ್ಕಡಿ ಇಟ್ಟುಕೊಳ್ಳಿ. ಅದಕ್ಕೂ ಮುದ್ರೆ ಬೇಕು.

ಮುದ್ರೆಯ ಅವಧಿ ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳು, ಕಬ್ಬಿಣದ ತೂಕದ ಕಲ್ಲುಗಳಿಗೆ 24 ತಿಂಗಳು. ನಡುವೆ ರಿಪೇರಿಗೆ ಬಿಚ್ಚಿದರೆ ಮುದ್ರೆ ಹೋಯಿತು, ಮತ್ತೆ ಹಾಕಿಸಬೇಕು. ಮುದ್ರೆಯಾದ ಒಂದು ಕಿಲೋ ಮತ್ತು ನೂರು ಗ್ರಾಮಿನ ಕಲ್ಲು ಅಂಗಡಿಯಲ್ಲೇ ಇರಲಿ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ತಕ್ಕಡಿಯ ನೀರಿನ ಗುಳ್ಳೆ ವೃತ್ತದ ಮಧ್ಯಕ್ಕೆ ಬರುವಂತೆ ಕಾಲು ತಿರುಗಿಸಿ, ಫ್ಯಾನ್ ಆರಿಸಿ, ಸೊನ್ನೆ ನೋಡಿ. ಕಲ್ಲನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ಇಟ್ಟು ನೋಡಿ. ಮೂಲೆಯಲ್ಲಿ ಬೇರೆ ಅಂಕಿ ಬಂದರೆ ಒಳಗೆ ತೂಕ ಅಳೆಯುವ ಲೋಡ್‌ಸೆಲ್‌ಗೆ ಪೆಟ್ಟಾಗಿದೆ. ಮೂಟೆ ಎತ್ತಿ ಕುಕ್ಕಿದ್ದರ ಫಲ ಸಾಮಾನ್ಯವಾಗಿ ಇದು. ಡಬ್ಬಿ, ಕವರ್ ಇಟ್ಟು ಟೇರ್ ಒತ್ತಿ ಸೊನ್ನೆ ಮಾಡಿದ ಮೇಲೆಯೇ ಸಾಮಾನು ಹಾಕಿ. ಸಿಹಿತಿಂಡಿ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆಯನ್ನೂ ಪೇಡೆಯ ಬೆಲೆಗೆ ಮಾರುತ್ತಾರಲ್ಲ, ಅದು ಅಪರಾಧ.

ಖರೀದಿಯ ಕಡೆ ಬನ್ನಿ. ಧರ್ಮೋಪದೇಶಕಾಂಡ 25:13 ಚೀಲದಲ್ಲಿ ಒಂದು ದೊಡ್ಡ, ಒಂದು ಸಣ್ಣ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎನ್ನುತ್ತದೆ. ಕೊಳ್ಳಲು ಒಂದು, ಮಾರಲು ಒಂದು. ಇಂದು ಆ ಎರಡನೆಯ ಕಲ್ಲಿನ ಹೆಸರು ‘ಚೀಲದ ತೂಕ’. ಖಾಲಿ ಚೀಲಕ್ಕೆಂದು ಒಂದು, ಒಂದೂವರೆ ಕಿಲೋ ಮುರಿಯುವ ಅಂಗಡಿಗಳಿವೆ. 50 ಕಿಲೋ ಹಿಡಿಸುವ ಸೆಣಬಿನ ಚೀಲ ಸಾಮಾನ್ಯವಾಗಿ ಮುಕ್ಕಾಲು ಕಿಲೋದ ಒಳಗೇ ಇರುತ್ತದೆ. ಹತ್ತು ಖಾಲಿ ಚೀಲ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ, ಬಂದ ಅಂಕಿಯನ್ನು ಗೋಡೆಗೆ ಬರೆದುಹಾಕಿ. ತೇವಾಂಶದ ಹೆಸರಲ್ಲಿ ಮುರಿಯುವುದಿದ್ದರೆ ಮೀಟರ್ ತಂದು ರೈತನ ಎದುರೇ ಹಿಡಿಯಿರಿ, ಬೆರಳಲ್ಲಿ ಉಜ್ಜಿ ನೋಡಿ ‘ಎರಡು ಕಿಲೋ ಕಡಿಮೆ ಮಾಡುವಾ’ ಎನ್ನಬೇಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಮೆಣಸು ನಿಮ್ಮ ಅಂಗಡಿಯಲ್ಲೇ ನೀರು ಕುಡಿದು ತೂಕ ಏರುತ್ತದೆ. ಆ ನೀರನ್ನೂ ಮೆಣಸಿನ ಬೆಲೆಗೆ ಮಾರಿದಂತಾಗುತ್ತದೆ. ಒಳಗೆ ಪ್ಲಾಸ್ಟಿಕ್ ಪದರವಿರುವ ಚೀಲದಲ್ಲಿ ಬಾಯಿ ಕಟ್ಟಿಡಿ.

ಇಷ್ಟು ದಿನ ಗಿರಾಕಿಗಳಿಗೆ ಕಡಿಮೆ ಹೋದದ್ದಕ್ಕೆ ಏನು ಮಾಡಲಿ ಎಂದೂ ನೀವು ಪತ್ರದ ಕೊನೆಗೆ ಕೇಳಿದ್ದೀರಿ. ಗಿರಾಕಿ ಯಾರೆಂದು ಗೊತ್ತಿದ್ದರೆ ಅವರಿಗೇ ಕೊಡಿ. ಗೊತ್ತಿಲ್ಲದಿದ್ದರೆ ಅರಣ್ಯಕಾಂಡ 5:7-8ರ ದಾರಿ ಇದೆ: ತಪ್ಪಿನ ಮೊತ್ತದ ಮೇಲೆ ಐದರಲ್ಲೊಂದು ಪಾಲು ಸೇರಿಸಿ ತೆಗೆದಿಡುವುದು, ಪಡೆಯುವವರು ಸಿಗದಿದ್ದರೆ ದೇವರಿಗೆ ಒಪ್ಪಿಸುವುದು. ಬಡವರ ನಿಧಿಗೆ ಹಾಕಿ, ಆದರೆ ದಾನವೆಂದು ರಸೀದಿ ಬರೆಸಬೇಡಿ. ಅದು ನಿಮ್ಮ ಹಣವೇ ಅಲ್ಲ.

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಮನೆ ಖಾತೆ ನನ್ನ ಹೆಸರಿಗೆ ಆಗಬೇಕು. ಕಚೇರಿಯಲ್ಲಿ ‘ಏನಾದರೂ ನೋಡಿಕೊಳ್ಳಿ’ ಅಂದರು. ಏಜೆಂಟರೊಬ್ಬರು ಎಲ್ಲ ಸೇರಿ ಇಷ್ಟು ಅಂತ ಹೇಳಿದ್ದಾರೆ. ಅವರಿಗೆ ಕೊಟ್ಟರೆ ಅವರು ಯಾರಿಗೆ ಕೊಡುತ್ತಾರೋ ನನಗೆ ಗೊತ್ತಿರುವುದಿಲ್ಲ. ಹಾಗೆ ಮಾಡಿದರೆ ನನ್ನ ಮೇಲೆ ದೋಷ ಬರುವುದಿಲ್ಲ ತಾನೆ? – ಶಿವಮೊಗ್ಗದಿಂದ

ಉತ್ತರ: ಬರುತ್ತದೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಲ್ಲಿ ಲಂಚ ಕೊಡುವುದೂ ಅಪರಾಧ, 7 ವರ್ಷದವರೆಗೆ ಶಿಕ್ಷೆ. ಮೂರನೆಯವರ ಕೈಯಿಂದ ಕೊಡಿಸಿದರೂ ಅಷ್ಟೇ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ಪಾರು. ನ್ಯಾಯವಾಗಿ ಸಿಗಬೇಕಾದ್ದಕ್ಕೆ ಕೊಡುವುದು ಲಂಚವಲ್ಲ, ಸುಲಿಗೆಗೆ ಒಳಗಾಗುವುದು ಎಂದು ಕೆಲವು ಗುರುಗಳು ಸಮಾಧಾನ ಹೇಳುತ್ತಾರೆ. ಪಾಪ-ಪುಣ್ಯದ ತೂಕದಲ್ಲಿ ಆ ಮಾತಿಗೆ ಬೆಲೆಯಿದೆ. ಕಾನೂನಿನಲ್ಲಿ ಅದರ ಆಯುಸ್ಸು ಏಳೇ ದಿನ.

ಏಜೆಂಟರೆಲ್ಲ ಕಳ್ಳರಲ್ಲ. ಸರ್ಕಾರಿ ಶುಲ್ಕ ಎಷ್ಟು, ಚಲನ್ ಎಲ್ಲಿ, ನಿಮ್ಮ ಓಡಾಟದ ಕೂಲಿ ಎಷ್ಟು ಎಂದು ಚೀಟಿಯಲ್ಲಿ ಬಿಡಿಸಿ ಬರೆಸಿಕೊಳ್ಳಿ. ಬರೆದರೆ ಅವರ ಕೈಗೆ ಕೆಲಸ ಕೊಡಿ. ‘ಎಲ್ಲ ಸೇರಿ’ ಎಂಬುದನ್ನು ಬಿಡಿಸಲು ಒಪ್ಪದಿದ್ದರೆ ಅಲ್ಲಿ ಏನು ಸೇರಿದೆ ಎಂಬುದು ನಿಮಗೆ ಗೊತ್ತೇ ಇದೆ.

ಲಂಚಕ್ಕೆ ಬಾಗಿಲು ತೆರೆಯುವುದು ಬಹುಪಾಲು ಅರೆಬರೆ ಕಡತ. ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಖಾತೆ ನಕಲು, ಈ ವರ್ಷದವರೆಗಿನ ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರ, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆಯ ಅಫಿಡವಿಟ್, ಇಷ್ಟನ್ನೂ ಜೋಡಿಸಿ. ಹೆಸರಿನ ಕಾಗುಣಿತ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ನಮ್ಮವರಲ್ಲಿ ಈ ಗೋಳು ಹೆಚ್ಚು: ಸ್ನಾನದೀಕ್ಷೆಯ ಹೆಸರು ಒಂದು, ಶಾಲೆಯದು ಇನ್ನೊಂದು, ಮನೆತನದ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ. ವ್ಯತ್ಯಾಸವಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಸೇರಿಸಿ.

ಅರ್ಜಿಯನ್ನು ಕೌಂಟರಿನಲ್ಲಿ ಕೊಟ್ಟು ಸರ್ಕಾರಿ ಸೇವೆಗೆ ಗಡುವು ಕಟ್ಟುವ ಸಕಾಲ ಯೋಜನೆಯ ಸ್ವೀಕೃತಿ ಪಡೆಯಿರಿ. ಅದರಲ್ಲಿ 15 ಅಂಕಿಯ ಅರ್ಜಿ ಸಂಖ್ಯೆ (ಜಿಎಸ್‌ಸಿ), ಕೆಲಸ ಮುಗಿಯಬೇಕಾದ ದಿನಾಂಕ ಇರುತ್ತದೆ. ಆ ಚೀಟಿ ಕೊಡದೆ ‘ಇಟ್ಟು ಹೋಗಿ’ ಅಂದರೆ ಇಟ್ಟು ಬರಬೇಡಿ. ಗಡುವು ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿ. ತಡವಾದ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರವಿದೆ. ಮೊತ್ತ ಚಿಕ್ಕದು, ಆದರೆ ತಪ್ಪಿದ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆಂಬ ಚುರುಕು ಇದೆ. ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಅದು 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ‘ಯಾಕೆ ಆಗಿಲ್ಲ’ ಎಂದು ಕೇಳಬೇಡಿ, ಯಾಕೆ ಎಂಬುದಕ್ಕೆ ಉತ್ತರ ಬರುವುದಿಲ್ಲ. ಇಂಥ ಸಂಖ್ಯೆಯ ಕಡತ ಯಾವ ದಿನ ಯಾರ ಮೇಜಿನಲ್ಲಿತ್ತು, ಅದರ ಟಿಪ್ಪಣಿ ಹಾಳೆಯ ನಕಲು ಕೊಡಿ ಎನ್ನಿ. 30 ದಿನದೊಳಗೆ ಉತ್ತರ ಬರಬೇಕು.

ಆಮೇಲೂ ಕೈಯೊಡ್ಡಿದರೆ ಜಿಲ್ಲೆಯ ಲೋಕಾಯುಕ್ತ ಪೊಲೀಸರಿದ್ದಾರೆ. ದೂರು ದಾಖಲಿಸಿಕೊಂಡು, ನೋಟಿನ ಸಂಖ್ಯೆ ಬರೆದುಕೊಂಡು, ಅದಕ್ಕೆ ಫಿನಾಫ್ತಲೀನ್ ಪುಡಿ ಸವರಿ, ಸಾಕ್ಷಿಯ ಜೊತೆ ನಿಮ್ಮನ್ನು ಕಳಿಸುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಕೆಡುವುದು ಎಲ್ಲಿ ಗೊತ್ತೇ? ಅವರು ಕೇಳುವ ಮೊದಲೇ ನೀವು ನೋಟು ಚಾಚಿದರೆ ಪ್ರಕರಣ ನಿಲ್ಲುವುದು ಕಷ್ಟ. ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಮತ್ತೆ ಹೇಳಿದೆ. ಮಾತು ರೆಕಾರ್ಡ್ ಮಾಡಿದ್ದರೆ ಕತ್ತರಿಸದ ಮೂಲ ಧ್ವನಿ ಫೈಲನ್ನೂ ಆ ಫೋನನ್ನೂ ಇಟ್ಟುಕೊಳ್ಳಿ. ವರ್ಷಗಳ ನಂತರ ಕೋರ್ಟಿನಲ್ಲಿ ನಿಂತು ಹೇಳುವ ಗಟ್ಟಿತನ ಇಲ್ಲವೆನಿಸಿದರೆ ಈ ದಾರಿ ಹಿಡಿಯಬೇಡಿ. ಮೇಲ್ಮನವಿ ಮತ್ತು ಕಾಯುವುದು, ಅದೂ ದಾರಿಯೇ.

ಕಾಯುವುದಕ್ಕೆ ಬೆಲೆ ತೆರಬೇಕು ಎಂಬುದನ್ನು ಮುಚ್ಚಿಡುವುದಿಲ್ಲ. ಪೌಲನಿಂದ ಹಣ ಬರುತ್ತದೆಂದು ಕಾದ ರೋಮನ್ ರಾಜ್ಯಪಾಲ ಫೇಲಿಕ್ಸ ಅವನನ್ನು ಮತ್ತೆ ಮತ್ತೆ ಕರೆಸಿ ಮಾತಾಡಿಸಿದ, ಹಣ ಬರಲಿಲ್ಲ, ಪೌಲ ಎರಡು ವರ್ಷ ಸೆರೆಯಲ್ಲೇ ಉಳಿದ (ಅಪೊಸ್ತಲರ ಕೃತ್ಯಗಳು 24:26-27). ಹಾಗೆಂದು ಅವನು ಸುಮ್ಮನೆ ಪ್ರಾರ್ಥಿಸುತ್ತಲೂ ಕೂರಲಿಲ್ಲ. ಮುಂದಿನ ಅಧ್ಯಾಯದಲ್ಲಿ ರೋಮ್ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿಕೊಂಡ.

ಪ್ರಶ್ನೆ: ಬೆಂಗಳೂರಿನ ಮಾಲ್ ಒಂದರಲ್ಲಿ ಸೇಲ್ಸ್ ಕೆಲಸ. ಭಾನುವಾರ ರಜೆ ಕೇಳಿದರೆ ‘ಭಾನುವಾರಕ್ಕೇ ಅಲ್ವಾ ನಿಮ್ಮನ್ನ ಇಟ್ಕೊಂಡಿರೋದು’ ಅಂತಾರೆ ಮ್ಯಾನೇಜರ್. ಹಕ್ಕಿಲ್ಲವೇ?

ಉತ್ತರ: ವಾರಕ್ಕೊಂದು ರಜೆ ಹಕ್ಕು, ಅದು ಭಾನುವಾರವೇ ಆಗಬೇಕೆಂಬ ಹಕ್ಕು ಇಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ಕೂಲಿ ಎಂದು ರಾಜ್ಯದ 1961ರ ಅಂಗಡಿ ಕಾಯ್ದೆ ಹೇಳುತ್ತದೆ. ಹಬ್ಬದ ರಜೆಗೆ 1963ರ ಕಾಯ್ದೆ ಬೇರೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಜೊತೆಗೆ ಐದು ಹಬ್ಬದ ರಜೆ. ಆ ಐದರ ಪಟ್ಟಿ ವರ್ಷದ ಕೊನೆಗೆ ತಯಾರಾಗುತ್ತದೆ. ಶುಭಶುಕ್ರವಾರ ಬೇಕಿದ್ದರೆ ನವೆಂಬರಿನಲ್ಲೇ ಕೇಳಿ, ಮಾರ್ಚಿನಲ್ಲಿ ಅತ್ತರೆ ಬಾರದು. 2027ರಲ್ಲಿ ಅದು ಮಾರ್ಚ್ 26ಕ್ಕೆ ಬೀಳುತ್ತದೆ.

ಭಾನುವಾರಕ್ಕೆ ಬೈಬಲಿನ ದಾನಿಯೇಲನ ಉಪಾಯ ಮಾಡಿ. ರಾಜನ ಊಟ ಬೇಡವೆಂದು ತಟ್ಟೆ ನೂಕಲಿಲ್ಲ ಅವನು, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಎಂದು ಮೇಲ್ವಿಚಾರಕನನ್ನು ಬೇಡಿಕೊಂಡ. ನೀವೂ ಹಾಗೇ ಮೂರು ತಿಂಗಳ ಮಟ್ಟಿಗೆ ಕೇಳಿ: ತಿಂಗಳಲ್ಲಿ ಎರಡು ಭಾನುವಾರ ಮಧ್ಯಾಹ್ನ 12ರಿಂದ ಡ್ಯೂಟಿ, ಬದಲಿಗೆ ದೀಪಾವಳಿ, ಯುಗಾದಿ, ರಂಜಾನ್ ದಿನ ನೀವು ನಿಲ್ಲುತ್ತೀರಿ. ಅದಲುಬದಲಿಗೆ ಒಪ್ಪಿದ ಸಹೋದ್ಯೋಗಿಯ ಹೆಸರನ್ನೂ ಬರೆದೇ ಕೊಡಿ. ಮ್ಯಾನೇಜರಿಗೆ ಬೇಕಾಗಿರುವುದು ನಿಮ್ಮ ಭಕ್ತಿಯ ವಿವರಣೆಯಲ್ಲ, ತುಂಬಿದ ರೋಸ್ಟರ್. ಕೆಥೋಲಿಕರಾದರೆ ಶನಿವಾರ ಸಂಜೆಯ ಬಲಿಪೂಜೆ (ಮಾಸ್) ಭಾನುವಾರದ್ದೆಂದೇ ಲೆಕ್ಕ.

ಇದನ್ನು ಓದುವ ಮಧ್ಯಮವರ್ಗದ ಕ್ರೈಸ್ತ ಮನೆಗಳಿಗೂ ಒಂದು ಮಾತು. ಭಾನುವಾರ ನೀವು ಆರಾಧನೆಗೆ ಹೋದಾಗ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿರುವವರು ಯಾರು? ಸಬ್ಬತ್ತಿನ ಆಜ್ಞೆ (ವಿಮೋಚನಕಾಂಡ 20:10) ಮನೆಯ ದಾಸದಾಸಿಯರನ್ನು ಹೆಸರೆತ್ತಿ ಹೇಳುತ್ತದೆ.

ಪ್ರಶ್ನೆ: ನಾನು ನರ್ಸ್. ರೋಗಿಗಳಿಗಾಗಿ ಪ್ರಾರ್ಥಿಸಬಹುದೇ? ಒಮ್ಮೆ ದೂರು ಬಂದು ವಿವರಣೆ ಕೊಡಬೇಕಾಯಿತು. – ದಾವಣಗೆರೆ

ಉತ್ತರ: ಮನಸ್ಸಿನಲ್ಲಿ ಎಷ್ಟು ಬೇಕಾದರೂ ಪ್ರಾರ್ಥಿಸಿ. ಬಾಯಿಬಿಟ್ಟು ಪ್ರಾರ್ಥಿಸುವುದು ರೋಗಿ ತಾವಾಗಿ ಕೇಳಿದಾಗ ಮಾತ್ರ. ಮಂಚದಲ್ಲಿ ಮಲಗಿ ಕೈಗೆ ಡ್ರಿಪ್ ಹಾಕಿಸಿಕೊಂಡವರು ಎದ್ದು ಹೋಗಲಾರರು. ‘ಪ್ರಾರ್ಥನೆ ಮಾಡಲಾ?’ ಎಂದು ನೀವೇ ಕೇಳಿದರೂ ನಾಳೆಯ ಆರೈಕೆಗೆ ಹೆದರಿ ಹೂಂ ಎಂದುಬಿಡುತ್ತಾರೆ. ಕೇಳಿಕೊಂಡರೆ ಪರದೆ ಎಳೆದು, ಒಂದು ನಿಮಿಷ, ತಗ್ಗಿದ ದನಿಯಲ್ಲಿ, ತಲೆ ಮುಟ್ಟದೆ. ವಾಸಿಯಾಗುತ್ತದೆಂದು ಮಾತು ಕೊಡಬೇಡಿ. ಕರಪತ್ರ ಬೇಡವೇ ಬೇಡ. ಪ್ರಜ್ಞೆಯಿಲ್ಲದ ರೋಗಿಯಾದರೆ ಮನೆಯವರ ಅನುಮತಿ ಬೇಕು, ವಾರ್ಡಿನ ಇನ್‌ಚಾರ್ಜ್‌ಗೂ ತಿಳಿಸಿರಿ. ಬೇರೆ ಧರ್ಮದವರಾದರೆ ಅವರ ಪುರೋಹಿತರನ್ನೋ ಮೌಲ್ವಿಯನ್ನೋ ಕರೆಸಬೇಕೇ ಎಂದು ಕೇಳುವುದು ನಿಮ್ಮ ಸಾಕ್ಷಿಯೇ.

ಔಷಧಿ ಹಂಚುವ ಹೊತ್ತಿನಲ್ಲಂತೂ ಬೇಡ. ಸರಿಯಾದ ರೋಗಿ, ಔಷಧಿ, ಪ್ರಮಾಣ, ದಾರಿ, ಸಮಯ, ಈ ಐದನ್ನೂ ನೋಡುತ್ತಿರುವಾಗ ಮಧ್ಯೆ ಮಾತು ಬಂದರೆ ತಪ್ಪುವುದು ಅಲ್ಲೇ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಉಪವಾಸ ಹಿಡಿದ ಸಕ್ಕರೆ ಕಾಯಿಲೆಯವರು ಬಂದರೆ ಮೆಚ್ಚಿ ಬೆನ್ನು ತಟ್ಟಬೇಡಿ. ಊಟವಿಲ್ಲದೆ ಎಂದಿನ ಇನ್ಸುಲಿನ್ ತಗೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ಮೊದಲು ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದಿದ್ದೇನೆ. ಸಭೆಯಲ್ಲಿ 140 ಮತಗಳಿವೆ. ‘ನಮ್ಮವನಿಗೇ ಹಾಕಿ’ ಎಂದು ಸಭಾಪಾಲಕರು ಆರಾಧನೆಯ ಕೊನೆಗೆ ಒಂದು ಮಾತು ಹೇಳಿದರೆ ತಪ್ಪೇ? – ಚಾಮರಾಜನಗರ ಜಿಲ್ಲೆಯಿಂದ

ಉತ್ತರ: ತಪ್ಪು, ಜೊತೆಗೆ ಅಪಾಯ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತಿದರೂ ಅಷ್ಟೇ ಎಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರ ಜನವರಿ 2ರಂದು 4-3ರ ಬಹುಮತದಲ್ಲಿ ಹೇಳಿತು. ಅದು ಲೋಕಸಭೆ, ವಿಧಾನಸಭೆ ಚುನಾವಣೆಯ ಕಾಯ್ದೆಯ ಮೇಲೆ ಬಂದ ತೀರ್ಪು, ಆದರೆ ಪಂಚಾಯಿತಿಯಲ್ಲಿ ಮಾಡಬಹುದು ಎಂದು ಅರ್ಥವಲ್ಲ. ಆರಾಧನೆಯ ಜಾಗವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಇನ್ನೊಂದು ಕೇಂದ್ರ ಕಾಯ್ದೆ ತಡೆಯುತ್ತದೆ, ಅದರಲ್ಲಿ ಜೈಲು ಶಿಕ್ಷೆಯೂ ಇದೆ. ಮೊಬೈಲಿನಲ್ಲಿ ಒಬ್ಬರು ಹಿಡಿದರೆ ಸಾಕು, ಸಭಾಪಾಲಕರೂ ಸಿಕ್ಕಿಬೀಳುತ್ತಾರೆ.

ಲೆಕ್ಕವೂ ನಿಮ್ಮ ಕಡೆಗಿಲ್ಲ. 140 ಮತಕ್ಕೆ ಕೈಚಾಚಿದ ದಿನ ವಾರ್ಡಿನ ಉಳಿದೆಲ್ಲ ಮತಗಳಿಗೆ ನೀವು ‘ಅವರ ಕಡೆಯವನು’. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಜನ ನೋಡುವುದು ನೀರಿನ ಟ್ಯಾಂಕು ತೊಳೆಸುವವನು ಯಾರು, ಬೀದಿದೀಪಕ್ಕೆ ಓಡಾಡುವವನು ಯಾರು ಎಂದು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ (ಜೆಸ್ವಿಟ್) ಗುರು ಜೆರೋಮ್ ಡಿಸೋಜಾ ಸಂವಿಧಾನ ಸಭೆಯಲ್ಲಿದ್ದರು. 1949ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಕ್ಷೇತ್ರಗಳನ್ನು ಕೈಬಿಡುವಾಗ ಅವರೂ, ಸಭೆಯ ಉಪಾಧ್ಯಕ್ಷರಾಗಿದ್ದ ಕ್ರೈಸ್ತ ಎಚ್.ಸಿ. ಮುಖರ್ಜಿಯವರೂ ಒಪ್ಪಿ ನಿಂತರು. ಎಲ್ಲರ ಮತ ಕೇಳಿ ಗೆಲ್ಲುವ ದಾರಿಯನ್ನು ಆರಿಸಿಕೊಂಡ ಹಿರಿಯರು ಅವರು.

ನಾಮಪತ್ರಕ್ಕೆ ಮುಂಚೆ ಸಭೆಯ ಖಜಾಂಚಿಯಂಥ ಹೊಣೆ ಇದ್ದರೆ ಲೆಕ್ಕ ಒಪ್ಪಿಸಿ ಬಿಟ್ಟುಕೊಡಿ. ಕರಪತ್ರದಲ್ಲಿ ಶಿಲುಬೆ, ಸಭಾಪಾಲಕರ ಚಿತ್ರ ಬೇಡ. ಸಭೆ ಮಾಡಬಹುದಾದ್ದು ಇಷ್ಟು: ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಳ್ಳಿ, ಮತ ಹಾಕಲು ಮರೆಯಬೇಡಿ ಎಂದು ಎಲ್ಲರಿಗೂ ಹೇಳುವುದು, ಎಲ್ಲ ಅಭ್ಯರ್ಥಿಗಳಿಗಾಗಿಯೂ ಪ್ರಾರ್ಥಿಸುವುದು. ಗೆದ್ದ ಮೇಲೆ ಕ್ರೈಸ್ತರ ಸಮಾಧಿ ಸ್ಥಳದ ವಿಷಯ ಬಂದೇ ಬರುತ್ತದೆ. ಆಗ ನಾನು ಈ ಸಭೆಯವನು ಎಂದು ನಡಾವಳಿಯಲ್ಲಿ ಬರೆಸಿ ಆ ಠರಾವಿನ ಮತದಿಂದ ಹಿಂದೆ ಸರಿಯಿರಿ. ಅರ್ಜಿಯನ್ನು ಗ್ರಾಮಸಭೆಯ ಮುಂದೆ ಸಭೆಯವರೇ ಇಡಲಿ, ಸರ್ವೆ ನಂಬರಿನ ಸಮೇತ. ಊರಿನ ಬೇರೆ ಜಾತಿಗಳ ಸ್ಮಶಾನದ ಕೊರತೆಯನ್ನೂ ಅದೇ ದಿನ ಚರ್ಚೆಗೆ ತನ್ನಿ.

ಪ್ರಶ್ನೆ: ನಮ್ಮ ಹಿರಿಯರೊಬ್ಬರು ದುಡಿಮೆ ಲೋಕದ್ದು, ಆರಾಧನೆ ದೇವರದು ಎನ್ನುತ್ತಾರೆ. ಹಾಗಾದರೆ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಯಾಕೆ ಮಾಡಿದರು? – ಮಂಗಳೂರು

ಉತ್ತರ: ಅವರಿಗೂ ಮೊದಲಿಗೆ ಆ ಯೋಚನೆ ಇರಲಿಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಘದಿಂದ ಮಂಗಳೂರಿಗೆ ಬಂದ ಮಿಷನರಿಗಳ ಮುಂದೆ ಬಂದು ನಿಂತದ್ದು ಹೊಟ್ಟೆಯ ಪ್ರಶ್ನೆ. ದೀಕ್ಷೆ ಪಡೆದವರಿಗೆ ಕುಲ, ಕಸುಬು ಎರಡೂ ತಪ್ಪುತ್ತಿತ್ತು. ಅದರಿಂದ ನೇಯ್ಗೆ, ಮುದ್ರಣ, ಆಮೇಲೆ ಹಂಚು. ಮುದ್ರಣಾಲಯದಲ್ಲಿದ್ದ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಒಂದರೊಳಗೊಂದು ಕಚ್ಚಿಕೊಳ್ಳುವ ಆ ಹಂಚು ಮಳೆಗೆ ಸೋರುತ್ತಿರಲಿಲ್ಲ, ಅದಕ್ಕೇ ಎಲ್ಲ ಜಾತಿಯವರ ಮನೆಯ ಮೇಲೂ ಏರಿತು. ಹೊಗಳಿಕೆಯಷ್ಟೇ ಸಾಲದು ಎಂದೂ ಹೇಳಬೇಕು. ಕೂಲಿ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದರೆ ಕೆಲಸಗಾರ ಯಾರ ಮುಂದೆ ದೂರು ಹೇಳಬೇಕು? ಇಂದು ಶಾಲೆ, ಆಸ್ಪತ್ರೆ ನಡೆಸುವ ನಮ್ಮ ಸಭೆಗಳಿಗೂ ಈ ತೊಡಕು ಇದೆ. ಪಿಎಫ್ ಕಟ್ಟದೆ ‘ಇದು ಸೇವೆ’ ಎನ್ನುವ ಆಡಳಿತ ಮಂಡಳಿಗಳು ಯಾಕೋಬ 5:4 ಓದಲಿ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎನ್ನುತ್ತದೆ ಅದು.

ಪ್ರಶ್ನೆ: ಆಟೋ ಹಿಂದೆ ಬೈಬಲ್ ವಚನ ಬರೆಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಮೊದಲು ಮೀಟರಿಗೆ ಮುದ್ರೆ ಹಾಕಿಸಿ, ಮೀಟರ್ ಹಾಕಿಯೇ ಓಡಿಸಿ. ವಚನ ಬರೆಸುವುದಾದರೆ ಚಿಕ್ಕದಿರಲಿ. ನಂಬರ್ ಪ್ಲೇಟು, ಬ್ರೇಕ್ ಲೈಟು ಮುಚ್ಚದಿರಲಿ.